ಮುಂದೆ ನಿಂತ ಆಮೆಯಪ್ಪ

ಬಹಳ ಹಿಂದೆ ರೋಮ್ ಎಂಬ ದೊಡ್ಡ ಪಟ್ಟಣದ ಹೊರಗೆ ಒಂದು ಕಾಡಿತ್ತು. ಕಾಡಿನ ಅಂಚಿಗೆ ಒಂದು ಕೊಳ. ಅಲ್ಲಿಗೆಲ್ಲ ಕರಡಿರಾಯನೇ ರಾಜ. ಒಳ್ಳೆಯವನೇ ಪಾಪ, ಆದರೆ ಪಟ್ಟಣದಿಂದ ಬಂದ ಮಾತೆಂದರೆ ಸಾಕು, ಹಿಂದುಮುಂದು ನೋಡದೆ ನಂಬಿಬಿಡುತ್ತಿದ್ದ.

ಒಂದು ದಿನ ಪಟ್ಟಣ ನೋಡಲು ಹೋಗಿದ್ದ ಕಾಗೆ ಏದುಸಿರು ಬಿಡುತ್ತ ಹಾರಿಬಂತು.

"ಮಹಾರಾಜ, ಅಲ್ಲಿ ಚಕ್ರವರ್ತಿ ಒಂದೊಂದು ಕೆಲಸಕ್ಕೂ ಒಬ್ಬೊಬ್ಬ ಅಧಿಕಾರಿಯನ್ನು ನೇಮಿಸಿದ್ದಾನೆ! ಕಾವಲುಪಡೆಗೆ ಒಬ್ಬ, ದವಸಧಾನ್ಯಕ್ಕೆ ಒಬ್ಬ, ಬೆಂಕಿ ಆರಿಸೋಕೆ ಒಬ್ಬ. ಅವರನ್ನು ಪ್ರಿಫೆಕ್ಟ್ ಅಂತಾರೆ."

"ಹಾಗಂದ್ರೆ?"

"ಮುಂದೆ ನಿಲ್ಲಿಸಿದವನು ಅಂತ ಅರ್ಥವಂತೆ."

ಕರಡಿರಾಯ ತಲೆ ಕೆರೆದುಕೊಂಡ. "ಓಹೋ, ಕೆಲಸದ ಹೊತ್ತಲ್ಲಿ ಅವನೇ ಎಲ್ಲರಿಗಿಂತ ಮುಂದೆ ನಿಲ್ಲಬೇಕು. ಯಾರೂ ಅವನನ್ನು ದಾಟಬಾರದು. ಹೌದು ತಾನೇ?"

ಕಾಗೆಗೂ ಅಷ್ಟಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ. "ಹಾಗೇ ಇರಬೇಕು, ಮಹಾರಾಜ," ಅಂದಿತು. ಮಕ್ಕಳೇ, ಈ 'ಇರಬೇಕು' ಇದೆಯಲ್ಲ, ಇದನ್ನು ಮಾತ್ರ ನಂಬಬೇಡಿ!

ಆ ಸಂಜೆಯೇ ನೇಮಕ ಆಯಿತು. ಆಮೆಯಪ್ಪ ಬೆಂಕಿ ಅಧಿಕಾರಿ. ಚಿಪ್ಪಿದೆ, ಬಿಸಿ ತಾಗುವುದಿಲ್ಲ ಎಂಬುದು ರಾಜನ ಲೆಕ್ಕ. ಕಪ್ಪೆಯಣ್ಣ ನೀರಿನ ಅಧಿಕಾರಿ. ಇಬ್ಬರಿಗೂ ಕುತ್ತಿಗೆ ನೆಟ್ಟಗಾಯಿತು.

ವಾರ ಕಳೆದಿಲ್ಲ, ನಡುಮಧ್ಯಾಹ್ನ ಒಣಹುಲ್ಲಿಗೆ ಬೆಂಕಿ ಬಿತ್ತು. ಹುಲ್ಲಿನಾಚೆಯ ಬಿಲದಲ್ಲಿ ಮೊಲಕ್ಕನ ಮೂರು ಮರಿಗಳಿದ್ದವು. ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ಮೇಯಲು ಹೋಗಿದ್ದ ಮೊಲಕ್ಕ ಹೊಗೆ ಕಂಡು ಓಡಿ ಬಂದಳು. ಕಾಡುಹಂದಿಗಳೂ ಬಂದವು. ನೆಲ ಅಗೆದು ಮಣ್ಣೆರಚುವುದರಲ್ಲಿ ಅವನ್ನು ಮೀರಿಸುವವರುಂಟೇ?

"ನಿಲ್ಲಿ!" ಎಂದ ಆಮೆಯಪ್ಪ. "ನಾನು ಮುಂದೆ. ನನ್ನ ಹಿಂದೆ ಸಾಲಾಗಿ ಬನ್ನಿ."

ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಹಿಂದೆ ಹಂದಿಗಳ ಸಾಲು, ಒಂದರ ಬಾಲಕ್ಕೆ ಇನ್ನೊಂದರ ಮೂತಿ.

ಅಷ್ಟರಲ್ಲಿ ಕಪ್ಪೆಯಣ್ಣ ಕುಪ್ಪಳಿಸಿ ಎದುರಿಗೆ ಬಂದ. "ಬೆಂಕಿ ಆರಿಸೋದು ನೀರು. ನೀರಿಗೆ ನಾನು ಅಧಿಕಾರಿ. ಮುಂದೆ ನಿಲ್ಲಬೇಕಾದವನು ನಾನು!"

"ಬೆಂಕಿ ಇಲ್ಲದಿದ್ರೆ ನಿನ್ನ ನೀರನ್ನ ಯಾರು ಕೇಳ್ತಿದ್ರು?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗಾಯಿತು. ಯಾರ ಹಿಂದೆ ನಿಲ್ಲಬೇಕೆಂದು ಹಂದಿಗಳಿಗೆ ತಿಳಿಯಲಿಲ್ಲ. ಅರ್ಧ ಆಚೆ ಹೋದವು, ಅರ್ಧ ಈಚೆ ಬಂದವು, ಮತ್ತೆ ಅದಲುಬದಲಾದವು. ಗದ್ದಲ ಕೇಳಿ ಕಾಗೆಯ ಜೊತೆ ಓಡಿ ಬಂದ ಕರಡಿರಾಯನಿಗೂ ತಲೆ ಗಿರ್ ಅಂದಿತು. "ಲೋ ಕಾಗೆ, ಇಬ್ಬರು ಮುಂದಿದ್ರೆ ರೋಮಿನಲ್ಲಿ ಏನು ಮಾಡ್ತಾರೋ?"

"ಅದನ್ನ ಕೇಳೋಕೆ ಮರೆತೆ, ಮಹಾರಾಜ!"

"ಅಯ್ಯೋ, ನನ್ನ ಮಕ್ಕಳು!" ಎಂದು ಮೊಲಕ್ಕ ಚೀರಿದಳು. ಆಮೆಯಪ್ಪನ ಬೆನ್ನ ಮೇಲೇ ಕಾಲಿಟ್ಟು, ಕಪ್ಪೆಯಣ್ಣನ ತಲೆ ದಾಟಿ, ಹೊಗೆಯೊಳಗೆ ನುಗ್ಗಿಯೇಬಿಟ್ಟಳು.

"ಏಯ್, ಅಪ್ಪಣೆ ಇಲ್ಲದೆ ದಾಟಿದಳು!" ಎಂದು ಅಧಿಕಾರಿಗಳಿಬ್ಬರೂ ಕೂಗಿದರು. ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಹಂದಿಯಜ್ಜನಿಗೆ ರೇಗಿತು. "ಥೂ! ಮರಿಗಳು ಬೆಂದ ಮೇಲೆ ಯಾರ ಹಿಂದೆ ನಿಂತರೇನು? ನಡೀರೋ!" ಹಂದಿಗಳು ನುಗ್ಗಿ ಅಗೆದೇ ಅಗೆದವು. ಮಣ್ಣು ಬಿದ್ದಲ್ಲೆಲ್ಲ ಬೆಂಕಿ ಆರಿತು. ಮೊಲಕ್ಕ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೊರಗೆ ತಂದಳು. ಮೂರೂ ಉಳಿದವು. ಅವಳ ಕಿವಿಯ ತುದಿ ಮಾತ್ರ ಸುಟ್ಟಿತ್ತು.

ಕರಡಿರಾಯನಿಗೆ ಸಂತೋಷವೋ ಸಂತೋಷ. "ಮೊಲಕ್ಕಾ, ಇವತ್ತಿನಿಂದ ನೀನೇ ಬೆಂಕಿ ಅಧಿಕಾರಿ! ಎಲ್ಲರೂ ನಿನ್ನ ಹಿಂದೆ ನಿಲ್ತಾರೆ."

ಮೊಲಕ್ಕ ಮರಿಗಳ ಮೈಮೇಲಿನ ಬೂದಿ ನೆಕ್ಕುತ್ತಿದ್ದಳು. ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು.

"ಬೇಡಪ್ಪಾ, ನಿನಗೆ ಕೈ ಮುಗೀತೀನಿ. ಇವತ್ತು ಎಲ್ಲರೂ ಹಿಂದೆ ನಿಂತಿದ್ದಕ್ಕೇ ನನ್ನ ಮಕ್ಕಳು ಸಾಯ್ತಿದ್ರು."

ನೀತಿ: ಮುಂದೆ ನಿಂತವನು ಕೆಲಸಕ್ಕೆ ಮುಂದಾಗಬೇಕು, ದಾರಿಗೆ ಅಡ್ಡವಾಗಬಾರದು.