ಗುಡ್ಡದಮ್ಮನಿಗೆ ಅರ್ಥವಾಗದ ಪ್ರಶ್ನೆ

ಯಮುನಾ ಎಂಬ ಹುಡುಗಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದಳು. ಓದಿನಲ್ಲಿ ಜಾಣೆ, ಖೋ-ಖೋದಲ್ಲಿ ಅದಕ್ಕಿಂತ ಜಾಣೆ. ಅವಳು ಕಂಬ ಸುತ್ತಿ ತಿರುಗಿದಳೆಂದರೆ ಎದುರು ತಂಡದವರು ಬೆಪ್ಪಾಗಿ ನಿಲ್ಲುತ್ತಿದ್ದರು. ಸಂಜೆ ಮೈದಾನದಲ್ಲಿ ಸೀಟಿ ಊದಿದರೆ ಸಾಕು, ಗ್ರಂಥಾಲಯದ ಯಾವ ಮೂಲೆಯಲ್ಲಿದ್ದರೂ ಅವಳಿಗೆ ಕೇಳಿಸುತ್ತಿತ್ತು.

ಎರಡನೇ ವರ್ಷ ಮುಗಿಯುವಾಗ ಅವಳು ಆನರ್ಸ್ ತರಗತಿಗೆ ಆಯ್ಕೆಯಾದಳು. ಸೇರಲೇಬೇಕೆಂದೇನೂ ಇಲ್ಲ. ಸೇರಿದರೆ ಮಾತ್ರ ದಿನಾ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಅಲ್ಲಿರಬೇಕು. ಖೋ-ಖೋ ಅಭ್ಯಾಸವೂ ಅದೇ ಹೊತ್ತಿಗೆ. ಎರಡರಲ್ಲಿ ಒಂದನ್ನು ಬಿಡಬೇಕು, ಯಾವುದೆಂದು ಸೋಮವಾರ ಹೇಳಬೇಕು.

ಯಮುನಾಳ ತಲೆ ಗೊಂದಲದ ಗೂಡಾಯಿತು. ಕಂಡಕಂಡವರನ್ನೆಲ್ಲ ಕೇಳಿದಳು.

"ಎಲ್ರಿಗೂ ಸಿಗೋ ಭಾಗ್ಯವಾ ಅದು? ಕಣ್ಮುಚ್ಕೊಂಡು ಸೇರು" ಎಂದ ಸೋದರಮಾವ.

"ನೀನು ಬಿಟ್ರೆ ನಮ್ಮ ತಂಡ ಮುಳುಗ್ತು ಕಣೇ" ಎಂದಳು ಜೊತೆಯ ಆಟಗಾರ್ತಿ ಫೌಜಿಯಾ.

"ಓದಿ ಓದಿ ಮೊದಲೇ ಸೊರಗಿದ್ದೀಯ, ಇನ್ನೂ ಓದ್ತೀಯಾ?" ಎಂದರು ಪಕ್ಕದ ಮನೆಯವರು. ಇವಳು ಕೇಳದೆಯೇ ಹೇಳಿದವರು ಅವರು. ಅಂಥವರು ಎಲ್ಲ ಬೀದಿಯಲ್ಲೂ ಇರುತ್ತಾರೆ.

ಮಾವನ ಮಾತು ಕೇಳಿದಾಗ ಸೇರುವುದೇ ಸರಿ ಅನ್ನಿಸಿತು. ಫೌಜಿಯಾಳ ಮುಖ ನೋಡಿದಾಗ ಸೇರದಿರುವುದೇ ಸರಿ ಅನ್ನಿಸಿತು. ಬೆಳಿಗ್ಗೆ ಹೌದು, ಸಂಜೆ ಅಲ್ಲ. ಊಟ ಸೇರಲಿಲ್ಲ.

ಅಜ್ಜಿಗೆ ನೋಡಲಾಗಲಿಲ್ಲ. "ಜನರನ್ನ ಕೇಳಿದ್ರೆ ಹಿಂಗೇ ಆಗೋದು. ದೇವರನ್ನ ಕೇಳಾನ ಬಾ" ಎಂದು ಆಂಜನೇಯನ ಗುಡಿಗೆ ಕರೆದೊಯ್ದಳು. ಅವರ ಕಡೆ ಹೂ ಕೇಳುವ ಪದ್ಧತಿ ಇತ್ತು. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ ಕಾಯಬೇಕು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಆಂಜನೇಯ ಬಲಕ್ಕೆ ಕೊಟ್ಟ. ಅಬ್ಬಾ, ಮುಗಿಯಿತು ಎಂದುಕೊಂಡು ಮನೆಗೆ ಬಂದರೆ ಅಲ್ಲಿ ಸೋದರತ್ತೆ ಕೂತಿದ್ದಳು. ಅವಳೂ ಸೋದರ ಸೊಸೆಯ ಮೇಲಿನ ಅಕ್ಕರೆಯಿಂದ ತನ್ನ ಬೀದಿಯ ಬಸವಣ್ಣನ ಗುಡಿಯಲ್ಲಿ ಹೂ ಕೇಳಿಸಿಕೊಂಡು ಬಂದಿದ್ದಳು. ಬಸವಣ್ಣ ಎಡಕ್ಕೆ ಕೊಟ್ಟಿದ್ದ. ಮನುಷ್ಯರಲ್ಲಿ ಒಮ್ಮತವಿಲ್ಲದಿದ್ದರೆ ಹೋಗಲಿ, ದೇವರಲ್ಲೂ ಇಲ್ಲವಲ್ಲ ಎಂದು ಯಮುನಾಳಿಗೆ ಅಳುವೇ ಬಂತು.

ಅಜ್ಜಿ ಸೋಲುವವಳಲ್ಲ. ಶುಕ್ರವಾರ ಬೆಳಿಗ್ಗೆ ಮೊಮ್ಮಗಳನ್ನು ಎಳೆದುಕೊಂಡು ಗುಡ್ಡ ಹತ್ತಿದಳು. ಗುಡ್ಡದಮ್ಮನ ಮಾತೆಂದರೆ ಸುತ್ತಲಿನವರಿಗೆ ಕಡೆಯ ಮಾತು. ಅಲ್ಲಿನ ಪೂಜಾರಿ ದ್ಯಾವಣ್ಣನದು ಒಂದು ಕಟ್ಟುನಿಟ್ಟು. ಹೂ ಇಡುವ ಮೊದಲು ಕೇಳುವ ಸಂಗತಿಯನ್ನು ಅಮ್ಮನಿಗೆ ತಾನೇ ಗಟ್ಟಿಯಾಗಿ, ಬಿಡಿಸಿ ಹೇಳುತ್ತಿದ್ದ. ಯಾವ ಹೊಲ, ಯಾರ ಮಗಳು, ಎಲ್ಲವೂ ಬರಬೇಕು.

"ಏನು ಕೇಳ್ಬೇಕವ್ವ ಅಮ್ಮನ್ನ?"

"ಆನರ್ಸ್ ಸೇರ್ಲೋ ಬೇಡ್ವೋ ಅಂತ ಕೇಳಿ, ದ್ಯಾವಣ್ಣ."

ಹೂ ಹಿಡಿದ ಕೈ ಅರ್ಧದಲ್ಲೇ ನಿಂತಿತು. "ಹಂಗಂದ್ರೇನು?"

"ಚೆನ್ನಾಗಿ ಓದೋರಿಗೆ ಕೊಡೋದು. ಎಲ್ರಿಗೂ ಸಿಗಲ್ಲ."

"ಸಿಗದೇ ಇರೋರ ಮಾತು ಬಿಡು. ಸಿಕ್ಕಿದೋರು ಅಲ್ಲಿ ಏನು ಮಾಡ್ತಾರೆ?"

"ಇನ್ನೂ ಹೆಚ್ಚು ಓದ್ತಾರೆ" ಎಂದಳು ಯಮುನಾ.

"ಏನನ್ನ?"

"ಗೊತ್ತಿಲ್ಲ."

ದ್ಯಾವಣ್ಣ ಹೂವನ್ನು ತಟ್ಟೆಗೆ ಹಾಕಿದ. "ನಂಗೂ ತಿಳೀಲಿಲ್ಲ, ನಿಂಗೂ ತಿಳೀದು. ಅಮ್ಮಂಗೆ ಏನಂತ ಹೇಳ್ಲಿ? ಹೂ ಬಲಕ್ಕೆ ಬಿದ್ರೂ ಯಾವುದಕ್ಕೆ ಬಿತ್ತು ಅಂತ ಬ್ಯಾಡ್ವಾ? ತಿಳ್ಕೊಂಡು ಬಾ ಹೋಗವ್ವ."

ಅಜ್ಜಿ ಇಳಿಯುವಾಗ ದಾರಿಯುದ್ದಕ್ಕೂ ದ್ಯಾವಣ್ಣನನ್ನು ಬೈದಳು. ಯಮುನಾಳಿಗೆ ನಾಚಿಕೆಯಾಗಿತ್ತು. ಸೇರಲೋ ಬೇಡವೋ ಎಂದು ಊರೆಲ್ಲ ಕೇಳಿದ್ದಳು, ಅಲ್ಲಿ ಏನಿದೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಬುದ್ಧಿ ಹೇಳಿದವರಿಗೂ ಅದು ಗೊತ್ತಿರಲಿಲ್ಲ. ದೇವರುಗಳ ಗತಿಯೂ ಅದೇ ಆಗಿರಬೇಕು.

ಅಂದು ಮಧ್ಯಾಹ್ನವೇ ಆನರ್ಸ್ ತರಗತಿಯ ವಸುಂಧರಾ ಮೇಡಂ ಹತ್ತಿರ ಹೋದಳು. "ಇವತ್ತೊಂದು ದಿನ ಕೂತು ನೋಡ್ಲಾ ಮೇಡಂ?"

"ಕೂರೋದೆಲ್ಲಿ ಬಂತು? ಸೆರಗು, ದುಪಟ್ಟ ಏನಿದ್ರೂ ಸಿಕ್ಕಿಸ್ಕೊಂಡು ಬಾ" ಎಂದರು ಅವರು.

ವಿಭಾಗದ ಹಿಂದಿನ ಅಂಗಳದಲ್ಲಿ ವಿದ್ಯಾರ್ಥಿಗಳು ಕೆರೆ ಏರಿಯಿಂದ ತಂದ ಒಂದು ವೀರಗಲ್ಲನ್ನು ತಿಕ್ಕಿ ತೊಳೆಯುತ್ತಿದ್ದರು. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಯಾರೋ ಒಬ್ಬನ ಕಲ್ಲು. ಅದರ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿದರು. ಕಪ್ಪಿನ ನಡುವೆ ಬೆಳ್ಳಗೆ ಅಕ್ಷರಗಳು ಎದ್ದವು. ದನಗಳ ಮಾತಿತ್ತು, ಊರಿನ ಹೆಸರಿತ್ತು, ಸತ್ತವನ ಹೆಸರು ಮಾತ್ರ ಸವೆದಿತ್ತು. ಮೊದಲ ಅಕ್ಷರ 'ಮಾ' ಎಂದು ಒಬ್ಬ, ಅಲ್ಲ 'ಬಾ' ಎಂದು ಇನ್ನೊಬ್ಬಳು. ಯಮುನಾ ಮೊಣಕಾಲೂರಿ, ಮೂಗು ಕಲ್ಲಿಗೆ ತಾಗುವಂತೆ ಬಗ್ಗಿ ನೋಡಿದಳು. ಬೆರಳಿನಿಂದ ಸವರಿದಳು. ಜಗಳಕ್ಕೂ ಇಳಿದಳು.

ತಲೆ ಎತ್ತಿದಾಗ ಕತ್ತಲಾಗುತ್ತಿತ್ತು. ಗೇಟಿನ ಹತ್ತಿರ ಫೌಜಿಯಾ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. "ಎಷ್ಟು ಸಲ ಸೀಟಿ ಊದಿದ್ರು! ಯಾಕೇ ಬರ್ಲಿಲ್ಲ?"

ಯಮುನಾ ಬೆಚ್ಚಿಬಿದ್ದಳು. "ಸೀಟಿ ಊದಿದ್ರಾ?"

ಭಾನುವಾರ ಅವಳು ಒಬ್ಬಳೇ ಗುಡ್ಡ ಹತ್ತಿದಳು. ದ್ಯಾವಣ್ಣ ಹೂ ಕೈಗೆತ್ತಿಕೊಂಡ. "ಈಗ ಹೇಳವ್ವ. ನೀನೇ ಹೇಳು, ಅಮ್ಮ ಕೇಳ್ತಾಳೆ."

ಯಮುನಾ ಹೇಳಿದಳು. ಕಲ್ಲು, ಕಾಗದ, ಮಸಿ, ಸವೆದ ಹೆಸರು, ಎಲ್ಲ ಹೇಳಿದಳು. ಆಮೇಲೆ ಮೈದಾನದ ಮಾತು ಬಂತು. ಕಂಬ, ಧೂಳು, ಬೆನ್ನಿಗೆ ಬಡಿದು 'ಖೋ' ಅನ್ನುವ ಫೌಜಿಯಾಳ ಕೈ. ಅಲ್ಲಿಗೆ ಬಿಕ್ಕಿಬಿಕ್ಕಿ ಅತ್ತಳು. "ಆಟ ಬಿಡೋಕೆ ಕರುಳು ಕಿತ್ತು ಬರ್ತದೆ, ತಾಯಿ. ಆದ್ರೆ ಆ ಸತ್ತೋನ ಹೆಸರೇನು ಅಂತ ತಿಳೀದೆ ನಂಗೆ ನಿದ್ದೆ ಬರ್ತಿಲ್ಲ" ಎಂದಳು. ತಾನು ಹೇಳಿದ್ದು ಆಗಷ್ಟೇ ತನ್ನ ಕಿವಿಗೂ ಬಿತ್ತು.

ದ್ಯಾವಣ್ಣ ಕೇಳಿದ. "ಹೂ ಇಡ್ಲಾ?"

ಯಮುನಾ ಕಣ್ಣೊರೆಸಿಕೊಂಡಳು. "ಬೇಡ ದ್ಯಾವಣ್ಣ. ಮುಡಿಯೋಕೆ ಕೊಡಿ."

ಹೂ ಮುಡಿದು ಗುಡ್ಡ ಇಳಿದವಳು ಮನೆಗೆ ಹೋಗಲಿಲ್ಲ. ನೇರವಾಗಿ ಫೌಜಿಯಾಳ ಮನೆಯ ಬಾಗಿಲು ತಟ್ಟಿದಳು. ತಾನು ಆಟ ಬಿಟ್ಟು ಆನರ್ಸ್ ಸೇರುವ ಮಾತನ್ನು ಅವಳಿಗೆ ಬೇರೆ ಯಾರೂ ಹೇಳಬಾರದು.

ನೀತಿ: ಸೇರಲೋ ಬಿಡಲೋ ಎಂದು ಊರನ್ನೂ ದೇವರನ್ನೂ ಕೇಳುವ ಮೊದಲು, ಹಿಡಿಯುವುದು ಏನು, ಬಿಡುವುದು ಏನು ಎಂದು ಹೋಗಿ ನೋಡಿ ತಿಳಿಯಬೇಕು. ಪ್ರಶ್ನೆಯನ್ನು ಪೂರ್ತಿ ಹೇಳಬಲ್ಲವನಿಗೆ ಉತ್ತರ ಬಹಳ ದೂರವಿರುವುದಿಲ್ಲ. ಹಾಗೆಂದು ಅಳು ತಪ್ಪುತ್ತದೆ ಎಂದುಕೊಳ್ಳಬೇಡಿ. ಗೊಂದಲ ಮಾತ್ರ ತಪ್ಪುತ್ತದೆ.