ಅರ್ಧ ಹೊಲಿದ ಮೊಗ್ಗಿನ ಜಡೆ

ಹೊನ್ನಾಂಬೆ ತಾಯಿಯ ಆಶ್ರಮಕ್ಕೆ ಬಂದ ದಿನ ಚೆನ್ನಾಜಿ ಬೇಡಿಕೊಂಡದ್ದು ಒಂದೇ.

"ತಾಯೀ, ನನ್ನ ಕೋಪವನ್ನು ಕೊಂದುಕೊಡಿ."

ಹೊನ್ನಾಂಬೆ ಅವಳನ್ನು ನೋಡಿದರು. ತಲೆ ಬೋಳಿಸಿಕೊಂಡು ಬಂದಿದ್ದ ಇಪ್ಪತ್ತೆರಡರ ಹೆಣ್ಣು. ಕಚ್ಚಿ ಕಚ್ಚಿ ಕೆಳತುಟಿ ಗಾಯವಾಗಿತ್ತು.

"ಯಾರ ಮೇಲಿನ ಕೋಪ?"

"ನಮ್ಮಕ್ಕನ ಅತ್ತೆಯ ಮೇಲೆ. ಅಕ್ಕ ಅವರ ಮನೆಯ ಬಾವಿಯಲ್ಲಿ ಹೆಣವಾದಳು. ನೀರು ಸೇದುವಾಗ ಕಾಲು ಜಾರಿತು ಅಂದರು. ನಾನು ಅವರ ಬಾಗಿಲಲ್ಲಿ ನಿಂತು ಕೂಗಿದೆ, ಮಣ್ಣು ತೂರಿದೆ. ಊರವರು ರಟ್ಟೆ ಹಿಡಿದು ಗಡಿ ದಾಟಿಸಿದರು. ಹುಚ್ಚು ಹಿಡಿದಿದೆ ಪಾಪ ಅಂದರು."

"ಕೊಲ್ಲುವ ವಿದ್ಯೆ ನನಗೆ ಬರುವುದಿಲ್ಲ. ಹೂ ಕಟ್ಟುವುದು ಬರುತ್ತದೆ. ಕೂತುಕೋ."

ಆ ಆಶ್ರಮದಲ್ಲಿ ಬೇಸಿಗೆಗೆ ಒಂದು ಪದ್ಧತಿಯಿತ್ತು. ಯುಗಾದಿ ಕಳೆದಲ್ಲಿಂದ ಮೊದಲ ಮಳೆ ಬೀಳುವವರೆಗೆ ಪಾಠವಿಲ್ಲ, ಪ್ರವಚನವಿಲ್ಲ. ಮಧ್ಯಾಹ್ನ ಬಿಸಿಲೇರಿ ಕೆಲಸ ನಿಂತಾಗ ಸುತ್ತಲ ಹಳ್ಳಿಗಳ ಹೆಂಗಸರು ಹೊಳೆದಂಡೆಯ ಹೊಂಗೆ ಮರದ ಕೆಳಗೆ ಸೇರುವರು.

ಕೆಲವರು ಮಲ್ಲಿಗೆ ಕಟ್ಟುವರು. ಕೆಲವರು ಮುತ್ತುಗದ ಹೂ ಕುದಿಸಿ ಸೀರೆಗೆ ಬಣ್ಣ ಹಾಕುವರು. ಮದುವೆ ಗೊತ್ತಾದ ಹುಡುಗಿಯರನ್ನು ನಡುವೆ ಕೂರಿಸಿಕೊಂಡು ಮೊಗ್ಗಿನ ಜಡೆ ಹೊಲಿಯುವುದನ್ನು ಹಿರಿಯರು ಕಿರಿಯರಿಗೆ ತೋರಿಸಿಕೊಡುವರು. ಅವಸರ ಮಾಡಬಾರದು, ಅಷ್ಟೇ ನಿಯಮ.

ಮೊದಲ ಬೇಸಿಗೆಯಲ್ಲಿ ಚೆನ್ನಾಜಿಗೆ ಆ ನೆರಳು, ಆ ಹರಟೆ, ಆ ಪರಿಮಳ ಯಾವುದನ್ನೂ ಸಹಿಸಲಾಗಲಿಲ್ಲ.

"ಲೋಕದಲ್ಲಿ ಹೆಣ್ಣುಮಕ್ಕಳು ಸಾಯುತ್ತಿದ್ದಾರೆ. ಇವರು ಹೂ ಕಟ್ಟುತ್ತ ಕೂತಿದ್ದಾರೆ!"

ಹೊನ್ನಾಂಬೆ ಅವಳ ಕೈಗೆ ನಾಲ್ಕು ಮೊಗ್ಗು ಕೊಟ್ಟರು.

"ಇದನ್ನು ಕಟ್ಟು. ಆಮೇಲೆ ಬೈ."

ಅವಳು ಬಾಳೆನಾರನ್ನು ಎಳೆದ ರಭಸಕ್ಕೆ ತೊಟ್ಟು ಕತ್ತರಿಸಿ ಮೊಗ್ಗು ಮಡಿಲಿಗೆ ಬಿತ್ತು. ಅವಳು ಬೈದಳು. ಹೊನ್ನಾಂಬೆ ಇನ್ನೂ ನಾಲ್ಕು ಕೊಟ್ಟರು.

ಹೀಗೆ ಎರಡು ಬೇಸಿಗೆ ಕಳೆದವು. ಮೊಗ್ಗು ಉದುರುವುದು ನಿಂತಿತು. ಬೈಗುಳವೂ ಕಡಿಮೆಯಾಯಿತು. ಹೆಂಗಸರು ಅಂದರು, "ಹುಡುಗಿ ತಣ್ಣಗಾದಳು."

ಚೆನ್ನಾಜಿ ತಣ್ಣಗಾಗಿರಲಿಲ್ಲ.

ಮೂರನೆಯ ಬೇಸಿಗೆ. ಆ ದಿನ ನಡುವೆ ಕೂತಿದ್ದವಳು ಮುದ್ದಮ್ಮ ಎಂಬ ಹತ್ತೊಂಬತ್ತರ ಹುಡುಗಿ. ಪಕ್ಕದ ಹಳ್ಳಿಯವಳು. ಒಂಬತ್ತು ದಿನಕ್ಕೆ ಧಾರೆ. ಅವಳ ಅವ್ವ ಕಾಳಮ್ಮ ಬಾಳೆಪಟ್ಟೆ ಸೀಳುತ್ತಿದ್ದಳು. ಚೆನ್ನಾಜಿ ಮೊಗ್ಗು ಆರಿಸಿ ಕೊಡುತ್ತಿದ್ದಳು.

ಹರಿಗೋಲು ದಡಕ್ಕೆ ತಾಗಿತು. ಇಳಿದು ಬಂದ ಹೆಂಗಸನ್ನು ಕಂಡು ಕಾಳಮ್ಮ ದಡಬಡಿಸಿ ಎದ್ದಳು.

"ಬನ್ನಿ ಬೀಗಿತ್ತಿಯವರೇ! ಸೊಸೆಯನ್ನು ನೋಡಲು ಬಂದಿರಾ?"

ಬಂದವಳು ದೇವೀರಮ್ಮ. ಚೆನ್ನಾಜಿಯ ಅಕ್ಕನ ಅತ್ತೆ.

ಕಾವಿ ಸೀರೆಯ, ಬೋಳು ತಲೆಯ ಚೆನ್ನಾಜಿಯನ್ನು ಅವಳು ಗುರುತಿಸಲಿಲ್ಲ. ಹುಡುಗಿಯ ಬೆನ್ನ ಹಿಂದೆ ಕೂತಳು. ಸೂಜಿ ಕೇಳಿ ಪಡೆದಳು.

"ನನ್ನ ಕೈಯಾರೆ ಹೊಲಿಯುತ್ತೇನೆ. ಎಷ್ಟು ಉದ್ದ ಕೂದಲು! ಮೊದಲನೆಯವಳಿಗೆ ಇಷ್ಟಿರಲಿಲ್ಲ. ನಮ್ಮ ಮನೆಗೆ ಅವಳ ಋಣ ಅಷ್ಟೇ ಇತ್ತು, ಜಾರಿ ಬಿದ್ದಳು."

ಚೆನ್ನಾಜಿಯ ಕೈಯಲ್ಲಿದ್ದ ಮೊಗ್ಗುಗಳು ನಲುಗಿಹೋದವು.

ಅವಳು ಎದ್ದು ಅಡುಗೆಮನೆಯ ಕಡೆ ಓಡಿದಳು. ಹೊನ್ನಾಂಬೆ ಅಕ್ಕಿ ಆರಿಸುತ್ತಿದ್ದರು.

"ಅವಳನ್ನು ಹೊರಗೆ ಹಾಕಿ!"

"ಯಾರನ್ನು?"

"ದೇವೀರಮ್ಮನನ್ನು. ಅಕ್ಕನ ಅತ್ತೆಯನ್ನು. ಅದೇ ಮಗನಿಗೆ ಇನ್ನೊಂದು ಹೆಣ್ಣು ತರುತ್ತಿದ್ದಾಳೆ. ನಿಮ್ಮ ಮರದ ಕೆಳಗೆ ಕೂತು ಅವಳಿಗೆ ಜಡೆ ಹೊಲಿಯುತ್ತಿದ್ದಾಳೆ!"

ಹೊನ್ನಾಂಬೆಯ ಕೈ ಮೊರದ ಮೇಲೆ ನಿಂತಿತು.

"ಕೂಟಕ್ಕೆ ಬಂದವರನ್ನು ನಾನು ಹೊರಗೆ ಹಾಕುವುದಿಲ್ಲ."

"ಹಾಗಾದರೆ ನಾನು ಸುಮ್ಮನಿರಬೇಕೇ? ಮೂರು ವರ್ಷ ನೀವು ಕಲಿಸಿದ್ದು ಇದೇ ಅಲ್ಲವೇ? ಯಾರು ಸತ್ತರೂ ಹೂ ಕಟ್ಟಿಕೊಂಡು ಸುಮ್ಮನಿರು!"

ಹೊನ್ನಾಂಬೆ ಎದ್ದರು. ಮೊರ ಗೋಡೆಗೆ ಬಡಿದು ಅಕ್ಕಿ ನೆಲದ ತುಂಬ ಚೆಲ್ಲಿತು. ಚೆನ್ನಾಜಿ ಒಂದು ಹೆಜ್ಜೆ ಹಿಂದೆ ಸರಿದಳು. ಗುರುವಿನ ಕಣ್ಣು ಕೆಂಪಾದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ನಿಧಾನ ಕಲಿಸಿದೆ. ಸುಮ್ಮನಿರುವುದನ್ನು ನಾನು ಯಾರಿಗೂ ಕಲಿಸಿಲ್ಲ!"

"ಹಾಗಾದರೆ ಎಲ್ಲರೆದುರು ಅವಳ ಜುಟ್ಟು ಹಿಡಿಯುತ್ತೇನೆ."

"ಹಿಡಿ. ಅವಳ ಬಾಗಿಲಲ್ಲಿ ಮಾಡಿದ್ದೂ ಅದನ್ನೇ. ಯಾರು ಕೇಳಿಸಿಕೊಂಡರು?"

ಹೊನ್ನಾಂಬೆ ಮರದ ಕಡೆ ಕೈ ತೋರಿದರು.

"ಅಲ್ಲಿ ಕೂತವರಲ್ಲಿ ನಿನ್ನ ಮಾತನ್ನು ಯಾರು ಕೇಳಲೇಬೇಕು?"

ಚೆನ್ನಾಜಿ ಬಾಗಿಲಾಚೆ ನೋಡಿದಳು. ಮುದ್ದಮ್ಮ ತಲೆ ತಗ್ಗಿಸಿ ಕೂತಿದ್ದಳು. ಜಡೆ ಅರ್ಧಕ್ಕೆ ಬಂದಿತ್ತು.

"ಹೋಗು," ಅಂದರು ಹೊನ್ನಾಂಬೆ. "ಮೊಗ್ಗು ಕಟ್ಟುವ ಹಾಗೆ ಹೇಳು. ಒಂದು ಮಾತೂ ಉದುರಬಾರದು."

ಚೆನ್ನಾಜಿ ಮರಳಿ ಬಂದಳು. ದೇವೀರಮ್ಮನ ಎದುರು ನಿಲ್ಲಲಿಲ್ಲ. ಮುದ್ದಮ್ಮನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ತಂಗೀ, ನಿನಗೊಂದು ವಿಷಯ ಹೇಳಬೇಕು. ಮೊದಲನೆಯವಳು ಅಂದರಲ್ಲ, ಅವಳ ಹೆಸರು ಸಿರಿಗೌರಿ. ನನ್ನ ಅಕ್ಕ."

ದೇವೀರಮ್ಮನ ಸೂಜಿ ನಿಂತಿತು.

"ಸಾಯುವ ಮುಂಚೆ ಒಂದು ಸಲ ತವರಿಗೆ ಬಂದಿದ್ದಳು. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ನಾನೇ ಬೆಣ್ಣೆ ಹಚ್ಚಿದೆ. ಒಲೆಯ ಕಿಡಿ ಅಂದಳು. ಮಾರನೆಯ ದಿನ ಅಪ್ಪನ ಕಾಲು ಹಿಡಿದು, ಒಂದು ತಿಂಗಳು ಇರುತ್ತೇನೆ ಅಂದಳು. ಅಪ್ಪ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ, ನಡಿ ಅಂದರು. ಗಾಡಿ ಹತ್ತಿಸಿದವಳು ನಾನು. ಸ್ವಲ್ಪ ಹೊಂದಿಕೊಂಡು ಹೋಗು ಅಕ್ಕಾ ಅಂದವಳೂ ನಾನೇ."

ಮುದ್ದಮ್ಮ ತಲೆ ಎತ್ತಿದಳು. ಚೆನ್ನಾಜಿ ಮುಂದುವರಿಸಿದಳು.

"ಹನ್ನೆರಡನೆಯ ದಿನ ಸುದ್ದಿ ಬಂತು."

"ಅಯ್ಯಯ್ಯೋ! ಇವಳಾ?" ದೇವೀರಮ್ಮ ಕಿರುಚಿದಳು. "ಇವಳು ಹುಚ್ಚಿ! ನಮ್ಮ ಬಾಗಿಲಿಗೆ ಮಣ್ಣು ತೂರಿದವಳು! ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ!"

ಚೆನ್ನಾಜಿಯ ಬೆರಳುಗಳು ನೆಲದ ಹುಲ್ಲನ್ನು ಕಿತ್ತು ಹಿಡಿದಿದ್ದವು. ಆದರೂ ಅವಳು ಏಳಲಿಲ್ಲ.

"ಅಕ್ಕ ಯಾಕೆ ಬಾವಿಗೆ ಹೋಗಿದ್ದಳು, ಅಮ್ಮಾ?"

"ಯಾಕೆಂದರೆ? ನೀರಿಗೆ!"

"ಕೊಡ?"

"ಅವಳ ಜೊತೆಗೇ ಬಿತ್ತು. ಮುಳುಗಿತು. ಇನ್ನೂ ಸಿಕ್ಕಿಲ್ಲ."

"ನಿಮ್ಮ ಮನೆಯಲ್ಲಿ ಸೇದುವ ಕೊಡ ಎಷ್ಟಿದ್ದವು?"

"ಒಂದೇ. ನಿಮ್ಮಪ್ಪ ಕೊಟ್ಟ ತಾಮ್ರದ್ದು. ಏನೀಗ?"

"ಹೆಣ ನೋಡಲು ಬಂದಾಗ ನನಗೆ ಬಾಯಾರಿ ಕಣ್ಣು ಕತ್ತಲೆ ಬಂತು. ನಿಮ್ಮ ಅಡುಗೆಮನೆಯಲ್ಲಿ ಆ ತಾಮ್ರದ ಕೊಡದಿಂದಲೇ ನೀರು ಬಗ್ಗಿಸಿ ಕುಡಿದೆ. ಕೊಡ ತುಂಬಿತ್ತು, ಅಮ್ಮಾ."

ಯಾರ ಕೈಯೂ ಆಡಲಿಲ್ಲ.

ದೇವೀರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಕಣ್ಣು ತಪ್ಪಿಸಲಿಲ್ಲ.

"ಎದುರುತ್ತರ ಕೊಡುತ್ತಿದ್ದಳು!" ಅವಳ ಬಾಯಿಂದ ಮಾತು ನುಗ್ಗಿತು. "ಗಂಡಸು, ಸಿಟ್ಟಿನವನು ಅಂತ ಗೊತ್ತಿರಲಿಲ್ಲವೇ? ಬಾಯಿ ಮುಚ್ಚಿಕೊಂಡಿದ್ದರೆ ಹಾಗೆ ಆಗುತ್ತಲೇ ಇರಲಿಲ್ಲ!"

ಆಡಿದ ಮೇಲೆ ಅವಳಿಗೇ ಅದು ಕೇಳಿಸಿತು. ಕೈಯನ್ನು ಬಾಯಿಗೆ ಒಯ್ದಳು.

ಮುದ್ದಮ್ಮ ಹಿಂದೆ ತಿರುಗಲಿಲ್ಲ.

"ಅವ್ವಾ, ಇದನ್ನು ಬಿಚ್ಚು."

ಕಾಳಮ್ಮ ಮಗಳನ್ನೂ ಬೀಗಿತ್ತಿಯನ್ನೂ ನೋಡಿದಳು. "ಒಂಬತ್ತೇ ದಿನ ಉಳಿದಿದೆ ಮಗಳೇ. ಚಪ್ಪರಕ್ಕೆ ಹೇಳಿಯಾಗಿದೆ. ಊರು ಏನಂದೀತು?"

ಮುದುಕಿ ಸಣ್ಣಕ್ಕಜ್ಜಿ ಕಟ್ಟುತ್ತಿದ್ದ ಮಾಲೆಯನ್ನು ಬುಟ್ಟಿಗೆ ಹಾಕಿ ಮುಂದೆ ಸರಿದಳು.

"ಊರು ಅಂದರೆ ಯಾರೇ? ಏಳು ಹಳ್ಳಿ ಇಲ್ಲೇ ಕೂತಿದೆ. ಬಿಚ್ಚು ಅನ್ನುತ್ತಿದೆ."

ಸಣ್ಣಕ್ಕಜ್ಜಿ ತಾನೇ ಹುಡುಗಿಯ ಬೆನ್ನಿಗೆ ಹೋದಳು. ದೇವೀರಮ್ಮನ ಕೈಯಿಂದ ಸೂಜಿ ಕಿತ್ತುಕೊಂಡಳು. ಹೊಲಿಗೆ ಒಂದೊಂದಾಗಿ ಬಿಚ್ಚಿದಳು. ಅದಕ್ಕೂ ಬಹಳ ಹೊತ್ತು ಹಿಡಿಯಿತು. ಎದ್ದು ದಡಕ್ಕೆ ಹೋದ ದೇವೀರಮ್ಮ ಅಷ್ಟು ಹೊತ್ತೂ ನಿಂತೇ ಇರಬೇಕಾಯಿತು, ಹರಿಗೋಲಿನವನು ಊಟಕ್ಕೆ ಹೋಗಿದ್ದ.

ಅವನು ಬಂದ. ಅವಳು ಒಬ್ಬಳೇ ಹತ್ತಿ ಹೋದಳು.

ಮುದ್ದಮ್ಮ ಚೆನ್ನಾಜಿಯ ಎರಡೂ ಕೈ ಹಿಡಿದುಕೊಂಡಳು. ಅವ್ವನ ಜೊತೆ ಮನೆಗೆ ನಡೆದಳು.

ಬಿಸಿಲು ಇಳಿದ ಮೇಲೆ ಚೆನ್ನಾಜಿ ಅಡುಗೆಮನೆಗೆ ಬಂದಳು. ಹೊನ್ನಾಂಬೆ ನೆಲದ ಅಕ್ಕಿಯನ್ನು ಒಂದೊಂದೇ ಕಾಳು ಎತ್ತುತ್ತಿದ್ದರು. ಅವಳೂ ಕೂತು ಎತ್ತಿದಳು.

"ತಾಯೀ, ದೇವೀರಮ್ಮ ಹೋದಳು. ಕೋಪ ಹೋಗಲಿಲ್ಲ."

"ಈಗ ಯಾರ ಮೇಲಿದೆ?"

ಚೆನ್ನಾಜಿ ಕೈಯಲ್ಲಿದ್ದ ಕಾಳುಗಳನ್ನು ಮೊರಕ್ಕೆ ಹಾಕಿದಳು.

"ಅಪ್ಪನ ಮೇಲೆ. ಅಪ್ಪನಿಗಿಂತ ಹೆಚ್ಚಾಗಿ ನನ್ನ ಮೇಲೆ. ಅಕ್ಕನನ್ನು ಗಾಡಿ ಹತ್ತಿಸಿದ ಈ ಕೈಗಳ ಮೇಲೆ. ಮೂರು ವರ್ಷ ದೇವೀರಮ್ಮ, ದೇವೀರಮ್ಮ ಅಂದೆ. ನಮ್ಮ ಮನೆಯ ಹೆಸರು ಎತ್ತಲೇ ಇಲ್ಲ."

"ಅಪ್ಪ ಇದ್ದಾರೆಯೇ?"

"ಇದ್ದಾರೆ. ಅಕ್ಕನ ಹೆಸರನ್ನು ಮನೆಯಲ್ಲಿ ಯಾರೂ ಆಡಕೂಡದು ಅಂದಿದ್ದಾರೆ." ಅವಳು ಥಟ್ಟನೆ ಎದ್ದಳು. "ನಾನು ಹೊರಡುತ್ತೇನೆ, ತಾಯೀ. ಅವರ ಎದುರು ಕೂತು ಹೇಳುತ್ತೇನೆ. ಎಲ್ಲವನ್ನೂ, ನನ್ನದನ್ನೂ. ಆಚೆ ದಡದಲ್ಲಿ ಗಾಡಿ ಸಿಕ್ಕರೆ ನಾಳೆ ಮಧ್ಯಾಹ್ನಕ್ಕೆಲ್ಲ ಮುಟ್ಟುತ್ತೇನೆ."

"ನಡೆದರೆ?"

"ನಾಲ್ಕು ದಿನ ಬೇಕು."

ಹೊನ್ನಾಂಬೆ ಎದ್ದು ಅವಲಕ್ಕಿಯ ಡಬ್ಬ ತೆಗೆದರು. ಬೆಲ್ಲ ಒಡೆದರು. ಬಟ್ಟೆಯೊಂದರಲ್ಲಿ ಎರಡನ್ನೂ ಸುರಿದು, ಗಂಟು ಹಾಕಿ, ಅವಳ ಹೆಗಲಿಗೆ ಏರಿಸಿದರು.

"ನಾಲ್ಕು ದಿನದ ಬುತ್ತಿ ಇದೆ."