ಕೆರೆಯ ಕೆಸರಿನಿಂದ ಗುಳ್ಳೆ ಏಳುವುದೇಕೆ

ಭೂಮಿ ಇನ್ನೂ ಎಳೆಯದಾಗಿದ್ದ ಕಾಲ. ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಿಗಳ ಸಂಸಾರವೊಂದು ಕೆರೆಯ ನೀರಿನ ಮೇಲೆಯೇ ಹಾಯಾಗಿ ಬಾಳುತ್ತಿತ್ತು. ಆ ಸಂಸಾರದ ಹಿರಿಯಳು ಸಣ್ಣವ್ವ.

ಒಂದು ದಿನ ಹೊಸ ಗಾಳಿ ಬೀಸಿ ಬಂತು. ಅದು ಸೋಕಿದಲ್ಲೆಲ್ಲ ಸಣ್ಣವ್ವನ ಮಕ್ಕಳ ಮೈ ಸುಟ್ಟಿತು.

"ಸ್ವಲ್ಪ ಆಚೆ ಸರಿಯಪ್ಪಾ, ಮಕ್ಕಳು ಸಾಯುತ್ತಿದ್ದಾರೆ!"

"ಇನ್ನು ಇದು ನನ್ನ ಜಾಗ. ನೀನು ಕೆಸರಿಗೆ ಹೋಗಿ ಬಿದ್ದಿರು," ಎಂದಿತು ಗಾಳಿ.

ಬದುಕುಳಿದವರನ್ನು ಕಟ್ಟಿಕೊಂಡು ಸಣ್ಣವ್ವ ತಳದ ಕಪ್ಪು ಕೆಸರಿಗೆ ಇಳಿದಳು. ಅಲ್ಲಿಗೆ ಗಾಳಿ ಬರುತ್ತಿರಲಿಲ್ಲ. ಆದರೆ ಗಾಳಿಯ ಮೇಲಿನ ಸಿಟ್ಟನ್ನು ಅವಳು ಮರೆಯಲಿಲ್ಲ.

ಮೇಲೆ ದಡದಲ್ಲಿ ಗಾಳಿಯ ಸಾರ ಮಣ್ಣಿಗಿಳಿದು ಹುಲ್ಲು ಸೇರಿತು. ಹುಲ್ಲು ತಿಂದ ಎಮ್ಮೆಗಳು ಕೆರೆಯಲ್ಲೇ ಉಚ್ಚೆ ಹೊಯ್ದವು, ಸಗಣಿ ಹಾಕಿದವು. ಹಕ್ಕಿಗಳು ಹಿಕ್ಕೆ ಹಾಕಿದವು. ಕೆಳಗೆ ಯಾರಿದ್ದಾರೆಂದು ಯಾರೂ ನೋಡಲಿಲ್ಲ. ನೀರು ಹಸಿರಾಯಿತು, ಕೊಳೆಯಿತು, ವಿಷವಾಯಿತು.

ಗೆಂಡೆ ಮೀನು ಕೆಸರಿಗೆ ಮೂತಿ ತಾಗಿಸಿ ಅತ್ತಿತು. "ಸಣ್ಣವ್ವಾ, ನನ್ನ ಮರಿಗಳು ಸಾಯುತ್ತಿವೆ. ಈ ಕೊಳೆ ಕರಗಿಸಬಲ್ಲವಳು ನೀನೊಬ್ಬಳೇ."

"ನನ್ನ ಮಕ್ಕಳು ಸುಡುವಾಗ ಯಾರು ಬಂದಿದ್ದಿರಿ? ಹೋಗು, ನಿಮ್ಮ ಗಾಳಿಯನ್ನೇ ಕೇಳು!"

ಅಷ್ಟರಲ್ಲಿ ಗಾಳಿಯೂ ಬಂದು ನೀರಿನ ಮೇಲೆ ನಿಂತಿತು. "ನನ್ನ ಸಾರವೆಲ್ಲ ಆ ಕೊಳೆಯಲ್ಲಿ ಸಿಕ್ಕಿಕೊಂಡಿದೆ. ನಾನು ಸೊರಗುತ್ತಿದ್ದೇನೆ. ಬಿಡಿಸಿಕೊಡು, ತಾಯಿ."

"ಈಗ ತಾಯಿಯಾದೆನಾ? ಕೆಸರಿಗೆ ಬೀಳು ಅಂದ ಬಾಯಿ ಇದೇ ಅಲ್ಲವೇನೋ?"

ಆಗ ಗೆಂಡೆಯ ಸತ್ತ ಮರಿಯೊಂದು ಮೆಲ್ಲಗೆ ಇಳಿದು ಸಣ್ಣವ್ವನ ಪಕ್ಕದಲ್ಲೇ ಬಿತ್ತು. ಅವಳು ಅದನ್ನೇ ನೋಡಿದಳು. ಸಿಟ್ಟು ಆರಲಿಲ್ಲ. ಆದರೆ ಮರಿ ಕಳೆದುಕೊಂಡ ಆ ತಾಯಿಯ ಮೇಲೆ ಅದನ್ನು ತೀರಿಸಿಕೊಳ್ಳಲು ಮನಸ್ಸು ಬರಲಿಲ್ಲ.

"ಕೇಳೋ ಗಾಳಿ! ಈ ಮರಿಗಳಿಗಾಗಿ ಮಾಡುತ್ತೇನೆ, ನಿನಗಾಗಿ ಅಲ್ಲ. ನಿನ್ನದನ್ನು ನಿನ್ನ ಮುಖಕ್ಕೇ ಎಸೆಯುತ್ತೇನೆ. ನನ್ನ ಕೆಸರಿಗೆ ಮಾತ್ರ ಕಾಲಿಟ್ಟೀಯೆ, ಜೋಕೆ!"

ಸಣ್ಣವ್ವನೂ ಮಕ್ಕಳೂ ಕೊಳೆಯನ್ನು ಕಚ್ಚಿದರು, ಸೀಳಿದರು, ಚೂರು ಚೂರು ಮಾಡಿದರು. ತಮ್ಮ ಹೊಟ್ಟೆಗೆ ಬೇಕಾದಷ್ಟು ಉಳಿಸಿಕೊಂಡು, ಗಾಳಿಯ ಪಾಲನ್ನು ಗುಳ್ಳೆ ಮಾಡಿ ಮೇಲಕ್ಕೆ ಉಗಿದರು. ಗುಳುಂ! ಗುಳುಂ!

ಮೆಲ್ಲಮೆಲ್ಲನೆ ನೀರು ತಿಳಿಯಾಯಿತು. ಉಳಿದ ಮರಿಗಳು ಬಾಲ ಬಡಿದು ಈಜಿದವು. ಗಾಳಿ "ತಪ್ಪಾಯಿತು" ಎಂದಿತು. ಸಣ್ಣವ್ವ ಇನ್ನೊಂದು ಗುಳ್ಳೆ ಉಗಿದಳು.

ನೀನು ಕೆರೆಗಿಳಿದು ಕೆಸರು ಕಲಕಿದರೆ ಗುಳುಗುಳು ಗುಳ್ಳೆ ಎದ್ದು, ಮೂಗು ಮುಚ್ಚಿಕೊಳ್ಳುವಷ್ಟು ನಾತ ಬರುತ್ತದಲ್ಲ ಮಗೂ, ಅದು ಸಣ್ಣವ್ವನ ಸಿಟ್ಟು, ಇವತ್ತಿಗೂ ಇಳಿದಿಲ್ಲ.